ಕ್ಯಾಪ್ಸಿಕಂ ಬ್ಯಾಗಿನಿಂದ ಸೋರಿ ಹೋಗುವ ಗೊಬ್ಬರದ ನೀರನ್ನು ಮತ್ತೆ ಬಳಸುವುದು ಹೇಗೆ?

ಕೋಲಾರದ ಪಾಲಿಹೌಸ್:
ಎಲ್ಲರಿಗೂ ನಮಸ್ಕಾರ. ಒಂದು ಎಕರೆ ಪಾಲಿಹೌಸ್‌ನಲ್ಲಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬ್ಯಾಗಿನಲ್ಲಿ ಕ್ಯಾಪ್ಸಿಕಂ ಬೆಳೆಯುತ್ತಿದ್ದೇನೆ. ದಿನಕ್ಕೆ ಸುಮಾರು 8,000 ಲೀಟರ್ ಡ್ರಿಪ್‌ನಲ್ಲಿ ಹೋಗುತ್ತದೆ. ಅದರಲ್ಲಿ ಕಾಲುಭಾಗ ಬ್ಯಾಗಿನ ಅಡಿಯಿಂದ ಸೋರಿ ಹೊರಗಿನ ಚರಂಡಿ ಸೇರುತ್ತದೆ. ಕೊಡುವ ನೀರಿನ ಇಸಿ (ಕರಗಿದ ಉಪ್ಪು, ಗೊಬ್ಬರದ ಅಳತೆ) 2, ಸೋರಿ ಬರುವುದರ ಇಸಿ 3.2. ಗೊಬ್ಬರವೆಲ್ಲಾ ಸುಮ್ನೆ ಹೋಗ್ತಿದೆ ಅಲ್ವಾ? ಚರಂಡಿಯಿಂದ ಸ್ವಲ್ಪ ಕೆಳಗೆ ದೊಡ್ಡಪ್ಪನವರ ಕುಡಿಯುವ ನೀರಿನ ಬಾವಿ ಇದೆ, ಆ ಚಿಂತೆ ಬೇರೆ. ಈ ನೀರಿನಿಂದ ಗೊಬ್ಬರವನ್ನು ಹರಳು ಮಾಡಿ ತೆಗೆಯುವ ಯಂತ್ರ ಹಾಕಿಸಿ ಅಂತ ಒಬ್ಬರು ಹೇಳುತ್ತಿದ್ದಾರೆ. ಹಾಕಿಸಬಹುದಾ?

ದೊಡ್ಡಬಳ್ಳಾಪುರದ ಅಕ್ಕ:
ತಮ್ಮಾ, ಯಂತ್ರ ಸದ್ಯಕ್ಕೆ ಬೇಡ. ಸ್ಟ್ರುವೈಟ್ ಅನ್ನುವ ಆ ಹರಳು ಕಟ್ಟುವುದಕ್ಕೆ ಮೆಗ್ನೀಷಿಯಂ, ರಂಜಕದ ಜೊತೆ ಅಮೋನಿಯಂ ಬೇಕು. ಊರಿನ ಕೊಳಚೆ ನೀರಿನಲ್ಲಿ ಅದು ಧಾರಾಳವಾಗಿ ಇರುತ್ತದೆ. ನಮ್ಮ ನೀರಿನಲ್ಲಿ ಸಾರಜನಕ ಹೆಚ್ಚುಕಡಿಮೆ ಎಲ್ಲಾ ನೈಟ್ರೇಟ್ ರೂಪದಲ್ಲೇ ಇರುತ್ತದೆ. ಸುಣ್ಣ ಹಾಕಿ ಪಿಎಚ್ ಏರಿಸಿದರೂ ಕೆಳಗೆ ಕೂರುವುದು ರಂಜಕ ಮಾತ್ರ. ನೈಟ್ರೇಟ್, ಪೊಟ್ಯಾಷ್ ನೀರಿನಲ್ಲೇ ಉಳಿಯುತ್ತವೆ. ದುಡ್ಡು ಇರುವುದು ಅವೆರಡರಲ್ಲಿ!

ಲೆಕ್ಕ ಹಾಕಿ ನೋಡು. ಸೋರಿದ ನೀರಿನಲ್ಲಿ ಲೀಟರಿಗೆ 150 ಮಿಲಿಗ್ರಾಂ ಸಾರಜನಕ ಅಂತ ಹಿಡಿದರೂ 2,000 ಲೀಟರಿಗೆ 300 ಗ್ರಾಂ ಆಯಿತು. ದಿನಾ ಹತ್ತಿರ ಹತ್ತಿರ 2 ಕಿಲೋ ಕ್ಯಾಲ್ಸಿಯಂ ನೈಟ್ರೇಟ್ ಚರಂಡಿಗೆ ಸುರಿದ ಹಾಗೆ. ಬಾವಿಯ ವಿಷಯ ಇನ್ನೂ ಗಂಭೀರ. ಆ 150 ಮಿಲಿಗ್ರಾಂ ಅಂದರೆ ನೈಟ್ರೇಟ್ ಲೆಕ್ಕದಲ್ಲಿ 660ರ ಮೇಲೆ. ಕುಡಿಯುವ ನೀರಿಗೆ ಮಿತಿ 45. ಮೊದಲು ಆ ಚರಂಡಿ ಮುಚ್ಚಿಸು, ನೀರು ಟ್ಯಾಂಕಿಗೆ ಬರಲಿ. ದೊಡ್ಡಪ್ಪನವರ ಬಾವಿ ನೀರನ್ನೂ ಈ ವಾರವೇ ಪರೀಕ್ಷೆಗೆ ಕೊಡು.

ಆಮೇಲೆ ಸೋಸುವ ಕೆಲಸ. ಸೋಸದೆ ತಿರುಗಿ ಬಿಟ್ಟರೆ ಒಂದು ಗಿಡದ ಬೇರು ಕೊಳೆ ಇಡೀ ಸಾಲಿಗೆ ಹರಡುತ್ತದೆ. ನಮ್ಮಲ್ಲಿ ನಾಲ್ಕು ಅಡಿ ಅಗಲದ ಸಿಮೆಂಟ್ ರಿಂಗ್ ಜೋಡಿಸಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಕೆಳಗೆ ಜಲ್ಲಿ, ಮೇಲೆ ಸುಮಾರು ಒಂದು ಮೀಟರ್ ತೊಳೆದ ಸಣ್ಣ ಮರಳು ತುಂಬಿದ್ದೇವೆ. ಗಂಟೆಗೆ ನೂರು ಲೀಟರಿನಂತೆ ನಿಧಾನಕ್ಕೆ ಇಳಿದರೂ ಹಗಲು ರಾತ್ರಿ ಸೇರಿ ನಿನ್ನ 2,000 ಲೀಟರ್ ಮುಗಿಯುತ್ತದೆ. ಮರಳಿನ ಮೇಲೆ ಲೋಳೆ ಪದರ ಕಟ್ಟುತ್ತದೆ. ಅದನ್ನು ಕೊಳೆ ಅಂತ ತೊಳೆಯಬೇಡ, ರೋಗಾಣುಗಳನ್ನು ತಿನ್ನುವ ಜೀವಿಗಳು ಇರುವುದು ಅಲ್ಲೇ. ಅದು ಒಣಗಬಾರದು, ಪಂಪ್ ನಿಲ್ಲಿಸಬೇಡ. ನೀರು ಇಳಿಯುವುದು ತೀರಾ ನಿಧಾನವಾದಾಗ ಮಾತ್ರ ಮೇಲಿನ ಒಂದೆರಡು ಸೆಂಟಿಮೀಟರ್ ಕೆರೆದು ತೆಗೆ. ವೈರಸ್‌ಗೆ ಮರಳನ್ನು ನಂಬಬೇಡ, ಅದಕ್ಕೆ ಯುವಿ ದೀಪವೇ ಬೇಕು.

ಕೋಲಾರದ ಪಾಲಿಹೌಸ್:
ತುಂಬಾ ಥ್ಯಾಂಕ್ಸ್ ಅಕ್ಕಾ. ಬೋರ್ ನೀರಿನ ಇಸಿ 0.8 ಇದೆ. ಅದಕ್ಕೇ ಬೆರೆಸಿದರೆ ನಡೆಯುತ್ತಾ?

ದೊಡ್ಡಬಳ್ಳಾಪುರದ ಅಕ್ಕ:
ಸೋಸಿದ ನೀರು ಒಂದು ಪಾಲಿಗೆ ಮೂರು ಪಾಲು ಬೋರ್ ನೀರು ಹಾಕಿದರೆ ಇಸಿ 1.4 ಬರುತ್ತದೆ. 2 ಮುಟ್ಟಲು ಉಳಿದ 0.6 ಮಾತ್ರ ಹೊಸ ಗೊಬ್ಬರ. ಮೀಟರ್ ಹೀಗೆ ಹೇಳುತ್ತದೆ, ಆದರೆ ಯಾವ ಉಪ್ಪು ಅಂತ ಹೇಳುವುದಿಲ್ಲ. ಬೋರ್ ನೀರಿನ ಸೋಡಿಯಂ ಅನ್ನು ಗಿಡ ಹೆಚ್ಚು ತೆಗೆದುಕೊಳ್ಳುವುದಿಲ್ಲ. ನೀರು ಸುತ್ತು ಹೊಡೆದಷ್ಟೂ ಅದು ಕೂಡುತ್ತಾ ಹೋಗುತ್ತದೆ, ಇಸಿ ಸರಿಯಾಗೇ ಕಾಣುತ್ತದೆ, ಗಿಡ ಹಸಿದಿರುತ್ತದೆ. ಹಾಗಾಗಿ ಮಳೆ ನೀರಿಲ್ಲದೆ ಈ ಕೆಲಸ ಹೆಚ್ಚು ದಿನ ನಡೆಯುವುದಿಲ್ಲ ಅಂತಲೇ ನನ್ನ ಮಾತು. ನಿನ್ನ ಚಾವಣಿ 4,000 ಚದರ ಮೀಟರ್. 600 ಮಿಲಿಮೀಟರ್ ಮಳೆ ಹಿಡಿದರೂ 24 ಲಕ್ಷ ಲೀಟರ್! ಕೃಷಿ ಹೊಂಡ ಇದ್ದರೆ ಗಟರ್ ಪೈಪನ್ನು ಅದಕ್ಕೆ ತಿರುಗಿಸು.

ನೆದರ್‌ಲ್ಯಾಂಡ್ಸ್‌ನಿಂದ ಕನ್ನಡಿಗ:
ಅಕ್ಕ ಹೇಳಿದ್ದು ನಿಜ. ಇಲ್ಲಿನ ವೆಸ್ಟ್‌ಲ್ಯಾಂಡ್ ಗಾಜಿನಮನೆಗಳಲ್ಲೂ ಮೊದಲು ಬಳಸುವುದು ಮಳೆ ನೀರನ್ನೇ. ಕ್ಯಾಪ್ಸಿಕಂಗೆ ಸೋಡಿಯಂ ಲೀಟರಿಗೆ 6 ಮಿಲಿಮೋಲ್, ಅಂದರೆ ಸುಮಾರು 138 ಮಿಲಿಗ್ರಾಂ ಮುಟ್ಟುವವರೆಗೆ ಅದೇ ನೀರನ್ನು ಸುತ್ತಿಸುವ ರೂಢಿ ಇದೆ. ಹೊರಗೆ ಬಿಡುವ ನೀರಿನಿಂದ ಕೀಟನಾಶಕದ ಅಂಶ ಕನಿಷ್ಠ ಶೇ. 95ರಷ್ಟು ತೆಗೆಯಬೇಕು ಅಂತ 2018ರಿಂದ ಕಾನೂನೇ ಇದೆ.

ಕೋಲಾರದ ಪಾಲಿಹೌಸ್:
ಸೋಡಿಯಂ ಜಾಸ್ತಿಯಾದಾಗ ಹೊರಗೆ ಬಿಡಬೇಕಾದ ನೀರನ್ನು ಹಸುಗಳ ನೇಪಿಯರ್ ಹುಲ್ಲಿಗೆ ಹಾಯಿಸಲಾ?

ದೊಡ್ಡಬಳ್ಳಾಪುರದ ಅಕ್ಕ:
ಹಾಯಿಸು, ಆದರೆ ಸಾದಾ ನೀರು ಬೆರೆಸಿ, ಜಾಗ ಬದಲಿಸುತ್ತಾ, ಬಾವಿಯಿಂದ ದೂರ. ಹುಲ್ಲಿನ ಕಾಂಡದಲ್ಲೂ ನೈಟ್ರೇಟ್ ಸೇರುತ್ತದೆ, ಜಾಸ್ತಿಯಾದರೆ ಹಸುವಿಗೆ ವಿಷ. ಬಿಸಿಲಿಗೆ ಬಾಡಿದ ಹುಲ್ಲನ್ನು, ಎಳೆ ಹುಲ್ಲನ್ನು ಕೊಯ್ಯಬೇಡ. ಒಣ ರಾಗಿಹುಲ್ಲಿನ ಜೊತೆ ಬೆರೆಸಿಯೇ ಹಾಕು.