ಎಕ್ಸ್ ಒಂದು ದಾಟಿದ್ರ ಉತ್ತರ ತಿರುಗ್ತದ: ನಮ್ಮ ಮನಿ ಗ್ರೂಪಿನ ಜಗಳ

ನಮ್ಮ ಮನಿ ಗ್ರೂಪಿನಾಗ ಆದ ಮಾತು ಇವು. ಹೆಸರು ತೆಗೆದು ಊರು, ವರಸಿ ಅಷ್ಟೇ ಇಟ್ಟೀನಿ. ದ್ವಿತೀಯ ಪಿಯುಸಿ ಓದೋರಿಗೆ ಬೇಕಾಗ್ತದಂತ ಲೆಕ್ಕದ ಭಾಗ ಪೂರ್ತಿ ಹಾಕೀನಿ.

ಸೇಡಂ ಮಾಮಾ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಪಿಯುಸಿ, ಸಿಇಟಿ ಮಕ್ಕಳಿಗೆ ರಾಮಬಾಣ!! ವೈ = ಸೈನ್ ಇನ್ವರ್ಸ್ 2ಎಕ್ಸ್/(1+ಎಕ್ಸ್²) ಬಂದರೆ ಎಕ್ಸ್ = ಟ್ಯಾನ್ ಥೀಟಾ ಹಾಕಿ. ಒಳಗಿನದು ಸೈನ್ 2ಥೀಟಾ ಆಗುತ್ತದೆ. ಸೈನ್ ಇನ್ವರ್ಸ್, ಸೈನ್ ಎರಡೂ ಹೊಡೆದುಹೋಗಿ 2 ಟ್ಯಾನ್ ಇನ್ವರ್ಸ್ ಎಕ್ಸ್ ಉಳಿಯುತ್ತದೆ. ಡಿವೈ ಬೈ ಡಿಎಕ್ಸ್ = 2/(1+ಎಕ್ಸ್²). ಎಕ್ಸ್ ಏನೇ ಇರಲಿ ಇದೇ ಉತ್ತರ! ಕಾಲೇಜಿನಲ್ಲಿ ಹೇಳಿಕೊಡದ ಗುಟ್ಟು. 10 ಮಕ್ಕಳಿಗೆ ಕಳಿಸಿ 🙏

ಸೇಡಂ ಮಾಮಾ: ಸಣ್ಣಿ, ಇದು ನಿನಗೇ ನೋಡವ್ವ. ಟ್ಯೂಷನ್ ರೊಕ್ಕ ಉಳೀತು.

ಸಣ್ಣಿ: ಮಾಮಾ, ನಮ್ಮ ಗೆಳತ್ಯಾರ ಗ್ರೂಪಿನಾಗ ಇದೇ ಲೆಕ್ಕಕ್ಕ ಜಗಳ ನಡದದರಿ. ಎಕ್ಸ್ = √3 ಇದ್ದಾಗ ಡೆರಿವೇಟಿವ್ (ಡಿವೈ ಬೈ ಡಿಎಕ್ಸ್, ಅಂದ್ರ ಎಕ್ಸ್ ಬದಲಾದಂಗ ವೈ ಬದಲಾಗೋ ದರ) ಎಷ್ಟು ಅಂತ. ಒಬ್ಬಾಕಿ 1/2 ಅಂದಾಳ, ಇನ್ನೊಬ್ಬಾಕಿ −1/2 ಅಂದಾಳ.

ಬೀದರ್ ದೊಡ್ಡಪ್ಪ: ಗ್ರೂಪ್ ಕಟ್ಟಿ ಲೆಕ್ಕ ಮಾಡಿದ್ರ ಹಿಂಗೇ ಆಗೋದು. ಗಣಿತ ಅಂದ್ರ ಒಬ್ಬರೇ ಕುಂತು ಮಾಡೋ ತಪಸ್ಸು. ಒಬ್ಬರ ಉತ್ತರ ಒಬ್ಬರು ಇಳಿಸಿಕೊಂಡ್ರ ವಿದ್ಯಾ ಬರಂಗಿಲ್ಲ.

ಶಹಾಪುರ ಅಣ್ಣ: ಮಾಮಾ, ಇದು ಎಲ್ಲಿಂದ ಬಂತ್ರಿ? ಯಾವ ಪುಸ್ತಕ, ಯಾವ ಪುಟ? ಬೆಲ್ಲದ ನೀರಿಗಿ ಸಕ್ಕರಿ ಕಾಯಿಲೆ ಹೋಗ್ತದಂತ ಹಾಕಿದ್ರಲ್ಲ, ಅದರ ಮೂಲ ಇನ್ನೂ ಹೇಳಿಲ್ಲ ನೀವು.

ಸೇಡಂ ಮಾಮಾ: ನಿಮ್ಮ ಮನ್ಯಾಗ ಎಲ್ಲಾದಕ್ಕೂ ಚೀಟಿ ಬೇಕು. ತಂಗಿ ಲಗ್ನದಾಗ ಎಲಿ ಅಡಕಿಗೂ ಚೀಟಿ ಕೇಳಿದವರು ನೀವು.

ಶಹಾಪುರ ಅಣ್ಣ: ಚೀಟಿ ಕೇಳಿದ್ದಕ್ಕೇ ಅಲ್ಲಿ ಲೆಕ್ಕ ಸರಿ ಹೊಂದಿತ್ತು.

ಆಳಂದ ಅಕ್ಕ: ಲಗ್ನದ ಮಾತು ಬಿಡ್ರಿ. ಅಣ್ಣ ಕೇಳಿದ ಮೂಲ ನಾ ಹೇಳ್ತೀನಿ. ದ್ವಿತೀಯ ಪಿಯು ಪುಸ್ತಕ, 5ನೇ ಅಧ್ಯಾಯ, 5.3 ಅಭ್ಯಾಸ. ಅಲ್ಲಿ ಈ ಲೆಕ್ಕದ ಮುಂದ ಎಕ್ಸ್ ಎಲ್ಲಿಂದ ಎಲ್ಲಿತನಕ ಅಂತ ಬರ್ದಿಲ್ಲ. ಅದೇ ಅಭ್ಯಾಸದಾಗ ಕಾಸ್ ಇನ್ವರ್ಸ್ 2ಎಕ್ಸ್/(1+ಎಕ್ಸ್²) ಅದ, ಅದರ ಮುಂದ −1 < ಎಕ್ಸ್ < 1 ಅಂತ ಬರ್ದಾರ.

ಸೇಡಂ ಮಾಮಾ: ಹಿಂದ ಉತ್ತರ ಏನ್ ಕೊಟ್ಟಾರ?

ಆಳಂದ ಅಕ್ಕ: 2/(1+ಎಕ್ಸ್²) ಅಂತೇ ಕೊಟ್ಟಾರ್ರಿ.

ಸೇಡಂ ಮಾಮಾ: ಮತ್ತ! ಪುಸ್ತಕನೇ ಹೇಳ್ತದ. ಶಹಾಪುರದವರು ಈಗ ಏನಂತೀರಿ?

ಆಳಂದ ಅಕ್ಕ: ಮಾಮಾ, ಪೂರಾ ಕೇಳ್ರಿ. ಎಕ್ಸ್ −1ಕ್ಕೂ 1ಕ್ಕೂ ನಡುವ ಇದ್ರ ಆ ಉತ್ತರ ಖರೇ. "ಎಕ್ಸ್ ಏನೇ ಇರಲಿ" ಅಂತ ಫಾರ್ವರ್ಡಿನಾಗ ಸೇರಿಸ್ಯಾರಲ್ಲ, ಅದು ಸುಳ್ಳ. ಸೈನ್ ಇನ್ವರ್ಸ್ ಕೊಡೋ ಕೋನ −90° ರಿಂದ 90° ಒಳಗೇ ಇರಬೇಕು. ಎಕ್ಸ್ = √3 ಅಂದ್ರ ಥೀಟಾ 60°, 2ಥೀಟಾ 120°, ಅಂದ್ರ ಹೊರಗ ಬಿತ್ತು. ಒಳಗಿನ ಸಂಖ್ಯಾ 2√3/4, ಅಂದ್ರ √3/2. ಅದರ ಸೈನ್ ಇನ್ವರ್ಸ್ 60°. 120° ಎಂದೂ ಬರಂಗಿಲ್ಲ. ಅದಕ್ಕ ಸೈನ್ ಇನ್ವರ್ಸ್, ಸೈನ್ ಎರಡೂ ಅಲ್ಲಿ ಹೊಡೆದುಹೋಗಂಗಿಲ್ಲ. 2ಥೀಟಾ 90° ದಾಟಿದ್ರ ಪೈ − 2 ಟ್ಯಾನ್ ಇನ್ವರ್ಸ್ ಎಕ್ಸ್ ಅಂತ ಬರೀಬೇಕು. ಡೆರಿವೇಟಿವ್ −2/(1+ಎಕ್ಸ್²), √3ಕ್ಕ −1/2. ಸಣ್ಣಿ, ನಿನ್ನ ಎರಡನೇ ಗೆಳತಿ ಮಾಡಿದ್ದು ಸರಿ ಅದ.

ಚಿಂಚೋಳಿ ತಮ್ಮ: ಪೈ ಥೀಟಾ ಅಂದ್ರ ಶರಣಬಸವೇಶ್ವರ ಜಾತ್ರಿ ನೆನಪಾಗ್ತದ ನೋಡ್ರಿ. ಹೋಳಿ ಆದ ಮ್ಯಾಲ ತೇರು, ಅದೇ ಹೊತ್ತಿಗೆ ಪರೀಕ್ಷಾ. ಲಾಗ್ ಟೇಬಲ್ ಬಗಲಾಗ ಇಟ್ಕೊಂಡೇ ಎಲ್ಲಾರೂ ತೇರಿಗಿ ಹೋಗ್ತಿದ್ರು.

ಬೀದರ್ ದೊಡ್ಡಪ್ಪ: ಆ ಲಾಗ್ ಟೇಬಲ್ ನಮ್ಮದಿತ್ತು. ಸೇಡಂದವರು ಒಯ್ದವರು ತಿರುಗಿ ಕೊಟ್ಟಿಲ್ಲ.

ಸೇಡಂ ಮಾಮಾ: ಕೊಟ್ಟೀವಿ. ನಿಮ್ಮ ತಮ್ಮನ ಕೈಯಾಗೇ ಕೊಟ್ಟೀವಿ.

ಶಹಾಪುರ ಅಣ್ಣ: ಅಕ್ಕ, ನೀ ಹೇಳಿದ್ದಕ್ಕೂ ಪುರಾವೆ ಬೇಕು. ಸೂತ್ರ ಗೊತ್ತಿಲ್ಲದವರು ಹ್ಯಾಂಗ ನಂಬಬೇಕು?

ಆಳಂದ ಅಕ್ಕ: ಸೂತ್ರ ಬ್ಯಾಡ. ಫೋನಿನ ಕ್ಯಾಲ್ಕುಲೇಟರ್ ತೆಗೀರಿ. ಎಕ್ಸ್ = 2 ಹಾಕ್ರಿ: 4/5, ಅಂದ್ರ 0.8, ಸೈನ್ ಇನ್ವರ್ಸ್ 53.13°. ಎಕ್ಸ್ = 3 ಹಾಕ್ರಿ: 6/10, ಅಂದ್ರ 0.6, ಸೈನ್ ಇನ್ವರ್ಸ್ 36.87°. ಎಕ್ಸ್ ಏರಿತು, ವೈ ಇಳೀತು. ಇಳಿಯೋದಕ್ಕ ಡೆರಿವೇಟಿವ್ ಪ್ಲಸ್ ಹ್ಯಾಂಗ ಬರ್ತದ? 2/(1+ಎಕ್ಸ್²) ಎಂದೂ ಮೈನಸ್ ಆಗಂಗಿಲ್ಲ. ಫಾರ್ವರ್ಡ್ ಇಲ್ಲೇ ಬಿತ್ತು.

ಶಹಾಪುರ ಅಣ್ಣ: ಹಾಕಿ ನೋಡಿದೆ. 16.26 ಇಳೀತು. ಆದ್ರ ನಿನ್ನ ಸೂತ್ರದಾಗ 2ಕ್ಕ −0.4, 3ಕ್ಕ −0.2 ಬರ್ತದ. 16 ಎಲ್ಲಿ, 0.4 ಎಲ್ಲಿ?

ಆಳಂದ ಅಕ್ಕ: ನೀವು ಡಿಗ್ರಿಯಾಗ ಅದೀರಿ. ಡೆರಿವೇಟಿವ್ ಸೂತ್ರ ರೇಡಿಯನ್‌ಗೆ (ಪೈ ಅಂದ್ರ 180° ಅನ್ನೋ ಅಳತಿ) ಮಾತ್ರ. 16.26ಕ್ಕ ಪೈ/180 ಗುಣಿಸ್ರಿ, 0.284 ಬರ್ತದ. 0.2ಕ್ಕೂ 0.4ಕ್ಕೂ ನಡುವೇ ಅದ. ಹುಡುಗ್ರು ಪರೀಕ್ಷಾದಾಗ ತಾಳೆ ನೋಡುವಾಗ ಇಲ್ಲೇ ಬಕ್ಕಳ ಎಡವೋದು.

ಸೇಡಂ ಮಾಮಾ: ಸಿಇಟಿ ಗಣಿತದಾಗ 60 ಪ್ರಶ್ನಿ, 80 ನಿಮಿಷ. ಒಂದಕ್ಕ 80 ಸೆಕೆಂಡ್. ಇಷ್ಟೆಲ್ಲಾ ನೋಡ್ಲಿಕ್ಕ ಯಾರಿಗಿ ಪುರುಸೊತ್ತದ?

ಆಳಂದ ಅಕ್ಕ: ಸಿಇಟಿದಾಗ ಹೆಜ್ಜಿಗಿ ಮಾರ್ಕ್ಸ್ ಇಲ್ಲ ಮಾಮಾ, ಗುರುತು ಮಾಡಿದ ಆಯ್ಕೆ ತಪ್ಪಾದ್ರ ಎಲ್ಲಾ ಹೋಯ್ತು. "ಎಕ್ಸ್ > 1" ಅಂತ ಪ್ರಶ್ನಿಯಾಗ ಕಂಡ್ರ ಚಿಹ್ನೆ ತಿರುಗಿಸೋದಕ್ಕ ಐದು ಸೆಕೆಂಡ್ ಸಾಕು.

ಸಣ್ಣಿ: ಅಕ್ಕ, ಮೊದಲನೇದಾಕಿ ಟ್ಯಾನ್ ಥೀಟಾ ಹಾಕಿಲ್ಲ. ಚೈನ್ ರೂಲಿನಿಂದ ನೇರ ಮಾಡ್ಯಾಳ. ಆದ್ರೂ 1/2 ಬಂದದ.

ಆಳಂದ ಅಕ್ಕ: ಆಕೀಗಿ ವರ್ಗಮೂಲದ ಸಾಲು ಕಳಿಸು ಅನ್ನು, ತಪ್ಪು ಅಲ್ಲೇ ಇರ್ತದ. ಒಳಗಿನದರ ಡೆರಿವೇಟಿವ್ 2(1−ಎಕ್ಸ್²)/(1+ಎಕ್ಸ್²)². ಕೆಳಗ ಬರೋ ವರ್ಗಮೂಲ (1−ಎಕ್ಸ್²)² ಮ್ಯಾಲ ಇರ್ತದ. ಅದನ್ನ 1−ಎಕ್ಸ್² ಅಂತ ಬರ್ದು ಮ್ಯಾಲಿನದರ ಜೋಡಿ ಹೊಡೆದಿರ್ತಾಳ. ಅಲ್ಲಿ ಮಾಡ್ಯುಲಸ್ (ಮೈನಸ್ ಬಿಟ್ಟ ಬೆಲೆ) ಹಾಕಬೇಕು. ಎಕ್ಸ್ = √3 ಅಂದ್ರ 1−3 = −2, ವರ್ಗಮೂಲ 2. ಆ ಮೈನಸ್ಸೇ ಉತ್ತರಕ್ಕ ಬರೋದು. ಇನ್ನ ಎಕ್ಸ್ = 1 ಆದ್ರ 0/0 ಆಗ್ತದ, ಡೆರಿವೇಟಿವೇ ಇಲ್ಲ: ಎಡಗಡಿಂದ 1, ಬಲಗಡಿಂದ −1. ಗ್ರಾಫಿನಾಗ ಅಲ್ಲಿ ಚೂಪು ಮೂಲಿ ಬರ್ತದ. −1ಕ್ಕೂ ಹಂಗೇ ಮೂಲಿ, ಆದ್ರ ಎಡಗಡಿಂದ −1, ಬಲಗಡಿಂದ 1.

ಬೀದರ್ ದೊಡ್ಡಪ್ಪ: ಅದಕ್ಕೇ ಅಂದೆ, ಒಬ್ಬರ ತಪ್ಪು ಹತ್ತು ಮಂದಿಗಿ ಹತ್ತತದ. ಗ್ರೂಪ್ ಬಿಡಸ್ರಿ ಆ ಹುಡುಗಿಗಿ.

ಆಳಂದ ಅಕ್ಕ: ದೊಡ್ಡಪ್ಪ, ನಿಮಗ ಎದುರು ಮಾತಾಡ್ತೀನಂತ ತಿಳ್ಕೋಬ್ಯಾಡ್ರಿ. ಎರಡು ಉತ್ತರ ಬಂದಿದ್ದಕ್ಕೇ ತಪ್ಪು ಸಿಕ್ಕಿತು. ಒಬ್ಬಾಕಿನೇ ಮಾಡಿದ್ರ 1/2 ಬರ್ದು ಪುಟ ತಿರುವ್ತಿದ್ಲು. ಗ್ರೂಪ್ ಕೆಡೋದು ಯಾವಾಗ ಅಂದ್ರ ಪ್ರಶ್ನಿ ಫೋಟೊ ಅರ್ಧ ಕತ್ತರಿಸಿ ಹಾಕಿದಾಗ, ಬಲಗಡಿ ತುದಿಯಾಗ ಬರ್ದಿರೋ −1 < ಎಕ್ಸ್ < 1 ಹೊರಗ ಉಳೀತದ. ಪೂರಾ ಉತ್ತರ ಫೋಟೊ ಹಾಕೋದೂ ಕೆಟ್ಟದ್ದೇ. ಕೇಳೋರು ತಾವು ಬರ್ದ ಕಡೀ ಸಾಲು ಹಾಕಬೇಕು, ಹೇಳೋರು ಎಷ್ಟನೇ ಸಾಲು ತಪ್ಪದ ಅಂತಷ್ಟೇ ಹೇಳಬೇಕು. ಮೂರನೇದಾಕಿ ಒಂದು ಸಂಖ್ಯಾ ಹಾಕಿ ತಾಳೆ ನೋಡಬೇಕು. ಇದು ನನ್ನ ಮಕ್ಕಳಿಗೆ ನಾ ದಿನಾ ಹೇಳೋ ಮಾತು, ಹೇಳೋದು ಬಿಡಂಗಿಲ್ಲ.

ಸೇಡಂ ಮಾಮಾ: ಹಂಗಂದ್ರ ನಾ ಹಾಕಿದ್ದು ತಪ್ಪಂತ ಎಲ್ಲಾರ ಮುಂದ ಹೇಳ್ಲತ್ತೀಯಾ? ಶಹಾಪುರದವರ ಪಾರ್ಟಿ ಸೇರಿದಿ.

ಆಳಂದ ಅಕ್ಕ: ಮಾಮಾ, ನೀವು ಹಾಕಿದ್ದರಾಗ ಲೆಕ್ಕದ ಸಾಲು ಸರಿ ಅವ. "ಏನೇ ಇರಲಿ" ಅನ್ನೋದು ತೆಗೆದು "−1 < ಎಕ್ಸ್ < 1 ಇದ್ದಾಗ" ಅಂತ ಬರ್ದು ಕಳಸ್ರಿ, ಎಲ್ಲಾರಿಗೂ ಉಪಯೋಗ ಆಗ್ತದ.

ಶಹಾಪುರ ಅಣ್ಣ: ಬೆಲ್ಲದ ನೀರಿಂದೂ ತೆಗೀರಿ.

ಚಿಂಚೋಳಿ ತಮ್ಮ: ಅಣ್ಣಾ ಸಾಕ್ ಬಿಡ್ರಿ, ಮಾಮಾ ಗ್ರೂಪ್ ಬಿಟ್ಟು ಹೋಗ್ತಾರ.

ಸಣ್ಣಿ: ಅಕ್ಕ, ಕಾಸ್ ಇನ್ವರ್ಸಿಂದು ನಾ ಮಾಡೀನಿ, ನೋಡ್ರಿ. −1ಕ್ಕೂ 1ಕ್ಕೂ ನಡುವ ಪೈ/2 − 2 ಟ್ಯಾನ್ ಇನ್ವರ್ಸ್ ಎಕ್ಸ್, ಡೆರಿವೇಟಿವ್ −2/(1+ಎಕ್ಸ್²). ತಾಳೆ: ಎಕ್ಸ್ = 0ಕ್ಕ 90°, ಎಕ್ಸ್ = 0.5ಕ್ಕ 1/1.25, ಅಂದ್ರ 0.8, ಕಾಸ್ ಇನ್ವರ್ಸ್ 36.87°. ಇಳೀತು, ಮೈನಸ್ ಸರಿ ಅದ. ಎಕ್ಸ್ 1 ದಾಟಿದ ಮ್ಯಾಲ ಪ್ಲಸ್ ಆಗ್ತದಲ್ಲ?

ಆಳಂದ ಅಕ್ಕ: ಆಗ್ತದ. 2 ಮತ್ತ 3 ಹಾಕಿ ನೀನೇ ನೋಡು, ಆಮ್ಯಾಲ ಗೆಳತ್ಯಾರ ಗ್ರೂಪಿಗಿ ಹಾಕು.