ಸಹಾಯ ಬೇಕು: ಹಳೇ ಜೀಪಿನ ಸ್ಟೆಪ್ನಿ ಬ್ರಾಕೆಟ್ ಮತ್ತ ಮತ್ತ ಸೀಳಾಕತ್ತೈತಿ

ನಮಸ್ಕಾರ್ರಿ, ಬೆಳಗಾವಿಯಿಂದ ಬರ್ಯಾಕತ್ತೀನಿ. ನಮ್ಮ ಅಪ್ಪಾರು ಓಡಿಸಿದ ಮಹೀಂದ್ರಾ ಸಿಜೆ 3ಬಿ ಜೀಪು ಇನ್ನೂ ಮನ್ಯಾಗ ಐತಿ, ಮಾರೂ ಮಾತ ಇಲ್ಲ. ಸ್ಟೆಪ್ನಿ ಬಾಜೂದ ಪತ್ರಾಕ್ಕ ಬೋಲ್ಟ್ ಹಾಕಿ ಕುಂದರ್ಸಿದ್ದು. ಮೊದಲ 6.00-16 ಟೈರ್ ಇತ್ತು, ನಾ 7.00-16 ಹಾಕಿದೆ, ಭಾರ ಜಾಸ್ತಿ ಆತು. ಜಾಂಬೋಟಿ ಕಡೆ ಎರಡ ಸಲ ಹೋಗಿ ಬರೂದ್ರಾಗ ಬ್ರಾಕೆಟ್ ಸುತ್ತಲೂ ಪತ್ರಾ ಸೀಳಿತು.

ತುಕ್ಕ ಹಿಡಿದಿದ್ದಷ್ಟು ಕತ್ತರಿಸಿ ಹೊಸಾ ಪತ್ರಾ ಕೂಡ್ಸಿ, ತುಕ್ಕ ತಡಿಯೂ ರೆಡ್ ಆಕ್ಸೈಡ್ ಬಣ್ಣ ಹೊಡದೆ. ನಮ್ಮೂರ ಉದ್ಯಮಬಾಗ ಇಂಡಸ್ಟ್ರಿಯಲ್ ಏರಿಯಾದಾಗ ಮ್ಯಾಲ 3 ಎಂಎಂ ಪಟ್ಟಿ ಇಟ್ಟು ವೆಲ್ಡಿಂಗನೂ ಮಾಡಿಸಿದೆ. ತಿಂಗಳೊಪ್ಪತ್ತಿನಾಗ ವೆಲ್ಡಿನ ಅಂಚಿಗೇ ಹೊಸಾ ಬಿರುಕು! ದಪ್ಪ ಪಟ್ಟಿ ಬಾಗಲಿಲ್ಲ, ಬಾಜೂದ ತೆಳು ಪತ್ರಾ ಹರೀತು. ನೋಡಿ ಭಾಳ ಸಂಕಟ ಆತು.

ಈಗ ತಲಿ ಕೆಟ್ಟಿರೂದು ಇಲ್ಲಿ. ಒಬ್ಬ ಮಿಸ್ತ್ರಿ, ವೆಲ್ಡಿಂಗ್ ಬ್ಯಾಡ, ಒಳಗ ದೊಡ್ಡ ಪ್ಲೇಟ್ ಇಟ್ಟು ಬೋಲ್ಟ್ ಬಿಗೀರಿ, ಭಾರ ಹರಡತೈತಿ ಅಂತಾರ. ಇನ್ನೊಬ್ರು ಚಾಸಿಯಿಂದ (ಬಾಡಿ ಕೆಳಗಿನ ಕಬ್ಬಿಣದ ಚೌಕಟ್ಟು) ಆಂಗಲ್ ಎತ್ತಿ ಅದಕ್ಕ ಟೈರ್ ಹೊರಸ್ರಿ ಅಂತಾರ. ಆದ್ರ ಬಾಡಿ ರಬ್ಬರ್ ಪ್ಯಾಕಿಂಗ್ ಮ್ಯಾಲ ಕುಂತೈತಿ, ಚಾಸಿ ತಿರುಚಿದ್ರ ಬಾಡಿ ಬ್ಯಾರೆನ ಅಲ್ಲಾಡತೈತಿ. ಎರಡಕ್ಕೂ ಬಿಗಿದ್ರ ಮತ್ತ ಅಲ್ಲೇ ಸೀಳೂದಿಲ್ಲೇನ್ರಿ?

ಖುದ್ದ ಮಾಡಿದವ್ರು ದಯವಿಟ್ಟು ಹೇಳ್ರಿ: ಒಳಗಿನ ಪ್ಲೇಟ್ ಅಷ್ಟ ಸಾಕೇನು? ಸಾಕಂದ್ರ ಎಷ್ಟ ದಪ್ಪ, ಎಷ್ಟ ಅಗಲ ಇಡ್ಲಿ? ಇಲ್ಲಾ, ಬಾಡಿಗೆ ಹತ್ತಿಸದ ಬರೇ ಚಾಸಿ ಮ್ಯಾಲ ಹೊರಸೂದ ಪಾಡೇನು?