ತೂಕದ ಮೆಷಿನ್: 1 ಗ್ರಾಂದು ಸಾಕಾ, 0.1 ಗ್ರಾಂದೇ ಬೇಕಾ?

ಅರ್ಧಚಮಚ:
ಮನೇಲಿ ಬ್ರೆಡ್ ಮಾಡೋಕೆ ಶುರು ಮಾಡಿದೀನಿ, ಕಪ್ಪಲ್ಲಿ ಅಳೆದ್ರೆ ಒಂದ್ಸಲ ಹಿಟ್ಟು ಕಲ್ಲಾಗತ್ತೆ ಇನ್ನೊಂದ್ಸಲ ಕೈಗೆಲ್ಲಾ ಅಂಟತ್ತೆ, ಅದಕ್ಕೆ ಎಲೆಕ್ಟ್ರಾನಿಕ್ ತೂಕದ ಮೆಷಿನ್ ತಗೊಳ್ಳೋಣ ಅಂತಿದೀನಿ. ಒಂದು 5 ಕೆಜಿ ವರೆಗೆ ತೂಗತ್ತೆ, 1 ಗ್ರಾಂ ಲೆಕ್ಕದಲ್ಲಿ. ಇನ್ನೊಂದು 500 ಗ್ರಾಂ ಅಷ್ಟೇ, ಆದ್ರೆ 0.1 ಗ್ರಾಂ ತೋರ್ಸತ್ತೆ. ಎರಡೂ ಇಟ್ಕೊಳ್ಳೋಕೆ ಜಾಗ ಇಲ್ಲ. ಎಂಎಲ್ ಬಟನ್ ಇರೋದು ಬೇಕಾ?

ಸೌಟು:
5 ಕೆಜಿದೇ ತಗೊಳ್ಳಿ, ಕಣ್ಮುಚ್ಕೊಂಡು. ಟೇರ್ ಒತ್ತಿದ್ರೆ ಪಾತ್ರೆ ತೂಕ ಸೊನ್ನೆ ತೋರ್ಸತ್ತೆ ನಿಜ, ಆದ್ರೆ ಭಾರ ಎಲ್ಲಿಗೂ ಹೋಗಿರಲ್ವಲ್ಲ, ಒಂದೂವರೆ ಕೆಜಿ ಬೋಗುಣಿ ಇಟ್ರೆ ನಿಮಗೆ ಉಳಿಯೋದು ಮೂರೂವರೆನೇ. 500 ಗ್ರಾಂದ್ರ ಮೇಲೆ ಅದೇ ಬೋಗುಣಿ ಇಟ್ಟ ತಕ್ಷಣ ಎರರ್. ಎಂಎಲ್ ಬಟನ್ ಬಹಳಷ್ಟರಲ್ಲಿ ನೀರಿನ ಲೆಕ್ಕಕ್ಕೆ ಮಾತ್ರ ಸರಿ, 100 ಎಂಎಲ್ ಎಣ್ಣೆ ಸುಮಾರು 92 ಗ್ರಾಂ ಬರತ್ತೆ, ಮೆಷಿನ್ ಅದನ್ನೇ 92 ಎಂಎಲ್ ಅನ್ನತ್ತೆ. ಮರ್ತುಬಿಡಿ ಅದನ್ನ. ಅದಕ್ಕಿಂತ ಡಿಸ್ಪ್ಲೇ ಎಲ್ಲಿದೆ ನೋಡಿ, ನಂದ್ರಲ್ಲಿ ಬೋಗುಣಿ ಇಟ್ರೆ ನಂಬರ್ ಅಡಿಗೆ ಹೋಗತ್ತೆ, ದಿನಾ ಕಟ್ಟೆಗೆ ಕೆನ್ನೆ ತಾಗಿಸಿ ಇಣುಕೋದೇ ಕೆಲ್ಸ.

ಹಿಟ್ಟುಕೈ:
ಹಿಟ್ಟಿಗೆ ಒಪ್ತೀನಿ, ಈಸ್ಟಿಗೆ ಏನ್ಮಾಡ್ತೀರಿ? 3 ಗ್ರಾಂ ಅಂತ ತೋರ್ಸಿದಾಗ ನಿಜಕ್ಕೂ ಎರಡೂವರೆಯಿಂದ ಮೂರೂವರೆ ಒಳಗೆ ಏನು ಬೇಕಾದ್ರೂ ಇರ್ಬೋದು. ಇನ್ನೊಂದು ತಮಾಷೆ, ಚಿಟಿಕೆ ಚಿಟಿಕೆಯಾಗಿ ಉದುರಿಸ್ತಾ ಹೋದ್ರೆ ಕೆಲವು ಮೆಷಿನ್ ಸೊನ್ನೆಯಿಂದ ಅಲ್ಲಾಡೋದೇ ಇಲ್ಲ. ಹಾಳಾಗಿದೆ ಅನ್ಕೋಬೇಡಿ, ಒಳಗಿನ ಸೆನ್ಸರ್ ತಾನಾಗೇ ಚೂರು ಚೂರು ಸರಿದ್ರೂ ಸೊನ್ನೆ ಕೆಡಬಾರ್ದು ಅಂತ ಅವ್ರು ಹಾಗೆ ಮಾಡಿರ್ತಾರೆ, ನೀವು ನಿಧಾನವಾಗಿ ಹಾಕೋ ಉಪ್ಪನ್ನೂ ಅದು ಹಂಗೇ ನುಂಗತ್ತೆ. ನಾನು ಉಲ್ಟಾ ಮಾಡ್ತೀನಿ: ಈಸ್ಟ್ ಡಬ್ಬಿನೇ ಮೇಲಿಟ್ಟು ಟೇರ್ ಒತ್ತಿ, ಚಮಚದಲ್ಲಿ ಒಂದೇ ಸಲ ತೆಗೀತೀನಿ, ಮೈನಸ್ 3 ಬಂದ್ರೆ ಮುಗೀತು. ನುಂಗೋ ಕಾಟ ಹೋಗತ್ತೆ, ಆ ಅರ್ಧ ಗ್ರಾಂ ಅನುಮಾನ ಮಾತ್ರ ಹಾಗೇ ಉಳಿಯತ್ತೆ, ಅದಕ್ಕೆ 0.1ದೇ ಬೇಕು.

ಅರ್ಧಚಮಚ:
ಡಬ್ಬಿನೇ ಮೇಲಿಡೋದು ಹೊಳೆದೇ ಇರ್ಲಿಲ್ಲ! ತಂದ್ಮೇಲೆ ಸರಿ ಇದೆಯಾ ಅಂತ ಹೆಂಗೆ ನೋಡೋದು? ಜೊತೆಗೆ ತೂಕದ ಬಟ್ಟು ಕೊಡಲ್ವಂತೆ.

ಹಿಟ್ಟುಕೈ:
ಒಂದೇ ವಸ್ತುನ ನಡುವೆ ಇಡಿ, ಆಮೇಲೆ ನಾಲ್ಕು ಮೂಲೆಗೂ. ಒಂದು ಗ್ರಾಂ ಆಚೀಚೆ ಆದ್ರೆ ಪರ್ವಾಗಿಲ್ಲ, ಐದಾರು ಗ್ರಾಂ ಹಾರಿದ್ರೆ ವಾಪಸ್ ಕೊಡಿ. ಗಟ್ಟಿ ಕಟ್ಟೆ ಮೇಲಿಟ್ಟು ನೋಡಿ ಮತ್ತೆ, ಬಟ್ಟೆ ಹಾಸಿದ್ರೆ ಕಾಲು ಹೂತು ಸುಳ್ಳು ಹೇಳತ್ತೆ.

ಸೌಟು:
ಬಿಸಿ ಪಾತ್ರೆ ನೇರ ಇಡ್ಬೇಡಿ, ನಂದು ಬಿಸಿ ಏರ್ತಿದ್ದಂಗೆ ನಂಬರ್ ತಾನೇ ಓಡ್ತಿತ್ತು. ಜಾಗ ಇಲ್ಲ ಅಂತ ಅದ್ರ ಮೇಲೆ ತಟ್ಟೆ ಪೇರಿಸಿಡೋದೂ ಬೇಡ, ನನ್ನ ಹಳೇದು ಹಾಳಾಗಿದ್ದು ಹಾಗೇನೆ. ಗೋಡೆಗೆ ಆನ್ಸಿ ನಿಲ್ಸಿ. ಇನ್ನೊಂದು, ತಾನಾಗೇ ಆಫ್ ಆಗೋ ಟೈಮ್ ಕೇಳ್ಕೊಳ್ಳಿ, ಹಿಟ್ಟು ಹಾಕಿ ನೀರು ತರೋಷ್ಟರಲ್ಲಿ ಆಫ್ ಆದ್ರೆ ಟೇರ್ ಲೆಕ್ಕ ಹೋಯ್ತು ಅಂತಾನೇ.

ಅರ್ಧಚಮಚ:
ಸರಿ, 5 ಕೆಜಿದು, ಡಿಸ್ಪ್ಲೇ ಮುಂದಕ್ಕೆ ಎಳೆಯೋಕೆ ಬರೋದು ನೋಡ್ತೀನಿ. ಈಸ್ಟಿಗೆ ಸದ್ಯಕ್ಕೆ ಅರ್ಧ ಚಮಚನೇ, ಹೆಸರಿಗೆ ತಕ್ಕಂಗೆ.